ಜಪಾನಿನ ಬಿಸಿನೀರು

ಸುಗಟೂರಿನ ಆಂಜಿನಮ್ಮನ ಮನೆಯಲ್ಲಿ ಆ ಸಂಕ್ರಾಂತಿಯ ಹೊತ್ತಿಗೆ ಊಟಕ್ಕೆ ಮುದ್ದೆ ಎಷ್ಟು ಮುಖ್ಯವೋ ಜಪಾನಿನ ಹೋಟೆಲೂ ಅಷ್ಟೇ ಮುಖ್ಯವಾಗಿಬಿಟ್ಟಿತ್ತು. ಮೊಮ್ಮಗಳು ದಿವ್ಯ ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ನಿಲ್ಲಿಸುವಳು. ಒಲೆಯ ಮೇಲೆ ಅವರೆಕಾಳಿನ ಸಾರು ಕುದಿಯುತ್ತಿದ್ದರೆ ಫೋನಿನಲ್ಲಿ ಎತ್ತರದ ಹೋಟೆಲೊಂದರ ಕಿಟಕಿಯಿಂದ ಟೋಕಿಯೋ ಪಟ್ಟಣ ಮಿನುಗುತ್ತಿತ್ತು. ಮನೆಮಂದಿಯೆಲ್ಲ ಮುದ್ದೆ ಮುರಿಯುತ್ತ ಅದನ್ನೇ ನೋಡುವರು. ಉಂಡ ಕೈ ಒಣಗಿದರೂ ಯಾರೂ ಏಳುತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ಆಂಜಿನಮ್ಮನ ಮಗ ಗಂಗಾಧರನ ನರ್ಸರಿ. ಮನೆಯ ಹಿಂದಿನ ಜಮೀನಿನಲ್ಲಿ ಹಸಿರು ಬಲೆ ಕಟ್ಟಿ, ಟ್ರೇಗಳಲ್ಲಿ ಟೊಮೆಟೊ ಸಸಿ ಎಬ್ಬಿಸಿ, ಮಾಲೂರು, ಶ್ರೀನಿವಾಸಪುರದ ತನಕ ಮಾರುತ್ತಿದ್ದ. ಆ ವರ್ಷ ಒಂದು ಬೀಜದ ಕಂಪನಿ ಹೊಸ ತಳಿ ತಂದು, ಅದರ ಸಸಿಯನ್ನು ತಾನು ಗೊತ್ತುಮಾಡಿದಷ್ಟು ಮಾರಿದ ನರ್ಸರಿಯವರಿಗೆ ದಂಪತಿ ಸಮೇತ ಜಪಾನ್ ಪ್ರವಾಸ, ಹೋಟೆಲು ಅವರವರ ಆಯ್ಕೆ ಎಂದು ಸಾರಿತ್ತು. ಬೀಜಕ್ಕೂ ಜಪಾನಿಗೂ ಯಾವ ನಂಟೂ ಇರಲಿಲ್ಲ. ಆದರೂ ಸುತ್ತಲಿನ ಹಳ್ಳಿಗಳಲ್ಲಿ ಅದಕ್ಕೆ ಜಪಾನ್ ಸಸಿ ಎಂದೇ ಹೆಸರು ಬಿತ್ತು. ಹೆಸರು ಬಿದ್ದ ಮೇಲೆ ಗಿರಾಕಿಯೂ ಬಿದ್ದರು.

"ಅಮ್ಮನ್ನೂ ಕರ್ಕೊಂಡು ಹೋಗೋಣ. ಅಮ್ಮನ ಖರ್ಚು ನಾವೇ ಹಾಕ್ಕೊಂಡ್ರಾಯ್ತು," ಎಂದವನು ಗಂಗಾಧರನೇ. "ಸಸಿ ಹೋಗ್ತಿರೋದೇ ಅಮ್ಮನ ಕೈಗುಣದಿಂದ."

ಅದು ಬರೀ ಹೊಗಳಿಕೆಯಲ್ಲ. ಆಂಜಿನಮ್ಮ ಮೊದಲ ಸಸಿ ಇಟ್ಟ ಹೊಲ ಸೋತಿದ್ದಿಲ್ಲ ಎಂಬುದು ಆ ಕಡೆಯವರ ಗಟ್ಟಿ ನಂಬಿಕೆ. ಹಿಂದೆಲ್ಲ ಬಂದು ಕರೆದವರ ಹೊಲಕ್ಕೆ ಮಾತ್ರ ಹೋಗುತ್ತಿದ್ದಳು. ಈಗ ಗಂಗಾಧರ ಸಸಿ ಕೊಂಡವರ ಹೊಲಕ್ಕೆಲ್ಲ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಹೋದಲ್ಲೆಲ್ಲ ಕುರ್ಚಿ, ಕಾಫಿ, ಎಲೆ ಅಡಿಕೆ. ಬದುವಿನ ಮೇಲೆ ಸೀರೆ ಎತ್ತಿ ಕಟ್ಟಿ, ಪೂರ್ವಕ್ಕೆ ತಿರುಗಿ, ಒಂದು ಸಸಿ ಇಟ್ಟು ಎದ್ದುಬಂದರೆ ಮುಗಿಯಿತು. ಏಳುವಾಗ ಮಾತ್ರ ಮೊಣಕಾಲು ಪ್ರಾಣ ಹಿಂಡುತ್ತಿತ್ತು. ಆದರೂ ಮುದುಕಿಗೆ ಆ ಮರ್ಯಾದೆ ಹಿಡಿಸಿಬಿಟ್ಟಿತ್ತು, ಸುಳ್ಳು ಯಾಕೆ ಹೇಳಬೇಕು.

ಗಂಗಾಧರನ ಹೆಂಡತಿ ಶೋಭಾರಾಣಿಗೆ ಟೋಕಿಯೋದ ಎತ್ತರದ ಹೋಟೆಲೇ ಬೇಕಿತ್ತು.

"ನನಗೆ ಬೆಟ್ಟನೂ ಬೇಡ, ಗುಡ್ಡನೂ ಬೇಡ," ಎಂದಳು ಸಾರು ಬಡಿಸುತ್ತ. "ಮದುವೆಯಾದಾಗಿಂದ ಈ ಮನೇಲಿ ಮೊದಲು ಏಳೋಳು ನಾನೇ. ನಾನು ಮಲಗಿದ್ದಲ್ಲಿಗೆ ಯಾರಾದ್ರೂ ಕಾಫಿ ತಂದುಕೊಡ್ಬೇಕು. ಕಿಟಕಿಯಿಂದ ಆಕಾಶ ನೋಡ್ತಾ ಕುಡೀಬೇಕು."

"ಆಕಾಶ ನೋಡೋಕೆ ನೂಕುನುಗ್ಗಲು ಯಾಕಮ್ಮ," ಎಂದಳು ಆಂಜಿನಮ್ಮ. "ಹಿತ್ಲಲ್ಲಿ ನಿಂತ್ರೂ ಕಾಣಿಸುತ್ತೆ."

"ಅಜ್ಜಿ, ಇದನ್ನ ನೋಡು," ಎಂದು ದಿವ್ಯ ಇನ್ನೊಂದು ಚಿತ್ರ ತೆಗೆದಳು. ಕೋಲಾರದಲ್ಲಿ ಬಿಕಾಂ ಓದುತ್ತಿದ್ದ ಹುಡುಗಿ ಅವಳು. ಅವಳಿಗೇನೂ ಟಿಕೆಟ್ ಇರಲಿಲ್ಲ. ಆದರೂ ಆರಿಸುವ ಕೆಲಸವೆಲ್ಲ ಅವಳದೇ. "ಇದು ಬೆಟ್ಟದ ಮೇಲಿನ ಹೋಟೆಲ್. ಭೂಮಿಯಿಂದ ತಾನಾಗೇ ಬಿಸಿನೀರು ಉಕ್ಕುತ್ತಂತೆ. ಕುತ್ತಿಗೆ ತನಕ ಅದ್ರಲ್ಲಿ ಕೂತ್ರೆ ಮೊಣಕಾಲು ನೋವು ಹೋಗುತ್ತೆ ಅಂತ ಹೋಗಿಬಂದೋರೆಲ್ಲ ಬರೆದಿದ್ದಾರೆ."

ಆಂಜಿನಮ್ಮ ಕೈಯಲ್ಲಿದ್ದ ತುತ್ತನ್ನು ಅಲ್ಲೇ ಹಿಡಿದು ಚಿತ್ರ ನೋಡಿದಳು. ಕಲ್ಲುಗಳ ನಡುವೆ ಹಬೆಯಾಡುವ ನೀರು, ಮೇಲೆ ಹೂಬಿಟ್ಟ ಕೊಂಬೆ.

"ಮಲಗೋಕೆ ಮಂಚ ಇಲ್ವಲ್ಲೇ."

"ಚಾಪೆ ಹಾಸಿ, ಅದ್ರ ಮೇಲೆ ಹಾಸಿಗೆ ಅಷ್ಟೇ."

"ಅಷ್ಟು ದುಡ್ಡು ಸುರಿದು ನೆಲದ ಮೇಲೆ ಮಲಗೋಕೆ ಜಪಾನಿಗೆ ಹೋಗ್ಬೇಕಾ?" ಎಂದಳು ಶೋಭಾರಾಣಿ.

"ನೀರು ಬಿಸಿ ಇದ್ರೆ ಸಾಕು ಬಿಡು," ಎಂದಳು ಆಂಜಿನಮ್ಮ. ಬೆಟ್ಟದ ಹೋಟೆಲು ಅವಳ ಮನಸ್ಸಿಗೆ ಇಳಿದದ್ದು ಎಲ್ಲರಿಗೂ ಗೊತ್ತಾಯಿತು.

ಮಾರನೆಯ ದಿನ ದಿವ್ಯ ಸಪ್ಪೆ ಮುಖ ಮಾಡಿಕೊಂಡು ಬಂದಳು. "ಅಜ್ಜಿ, ಆ ನೀರಿಗೆ ಹಚ್ಚೆ ಇದ್ದೋರನ್ನ ಬಿಡಲ್ವಂತೆ. ಅಲ್ಲಿ ಮೈಮೇಲೆ ಹಚ್ಚೆ ಹಾಕಿಸ್ಕೊಳ್ಳೋರು ರೌಡಿಗಳಂತೆ."

ಆಂಜಿನಮ್ಮನ ಎರಡೂ ಮುಂಗೈ ಮೇಲೆ ಹಸಿರು ಹಚ್ಚೆ ಇತ್ತು. ಒಂದರಲ್ಲಿ ತುಳಸಿಕಟ್ಟೆ, ಇನ್ನೊಂದರಲ್ಲಿ ಅವಳ ತೀರಿಹೋದ ಗಂಡ ವೆಂಕಟರಮಣಪ್ಪನ ಹೆಸರು. ಚಿಕ್ಕ ವಯಸ್ಸಿನಲ್ಲಿ ಮದುವೆಯಾದ ಹೊಸದರಲ್ಲಿ ಕೊರವಂಜಿ ಚುಚ್ಚಿದ್ದು.

"ನಾನು ರೌಡಿನಾ?" ಎಂದು ಕೈ ತಿರುವಿ ನೋಡಿಕೊಂಡಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

"ಒಂದು ದಾರಿ ಇದೆ," ಎಂದಳು ದಿವ್ಯ. "ಅದೇ ಬೆಟ್ಟದಲ್ಲಿ ಇನ್ನೊಂದು ಹೋಟೆಲ್ ಇದೆ, ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಪ್ರತಿ ರೂಮಿಗೂ ಬೇರೆ ಬಿಸಿನೀರಿನ ತೊಟ್ಟಿ. ಬಾಗಿಲು ಹಾಕ್ಕೊಂಡ್ರೆ ಯಾರೂ ಕೇಳಲ್ಲ. ಆದ್ರೆ ಆ ಹೋಟೆಲ್ ಇನ್ನೂ ಜಾಸ್ತಿ ಸಸಿ ಮಾರಿದ ಚಿನ್ನದ ದರ್ಜೆಯವರಿಗೆ ಮಾತ್ರ. ಅಪ್ಪ ಈಗ ಬೆಳ್ಳಿ."

ಗಂಗಾಧರ ಕೈ ತೊಳೆದು ಟವೆಲಿಗೆ ಒರೆಸಿಕೊಂಡ. "ಚಿನ್ನ ಮಾಡೋಣ. ಮುಳಬಾಗಿಲು ಕಡೆ ಇನ್ನೂ ಕೈ ಹಾಕೇ ಇಲ್ಲ. ಗಂಗಾ ಊರಿದೆ. ತಾಯಲೂರಿನೋರು ಹಿಡಿದ್ರೆ ಆಯ್ತು."

ಗಂಗಾ ಎಂದರೆ ಅವನ ತಂಗಿ. ತಾಯಲೂರಿಗೆ ಕೊಟ್ಟಿದ್ದ ಮನೆಮಗಳು.

ಈಗ ಒಂದು ವಿಷಯ ಹೇಳಬೇಕು. ಆ ಹೊಸ ತಳಿಯ ಗುಣ ಆ ಮನೆಯವರಿಗೆ ಹೊಸದಾಗಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಕಂಪನಿಯ ಕಾಂತರಾಜ್ ಒಂದು ಪೊಟ್ಟಣ ಕೊಟ್ಟುಹೋಗಿದ್ದ. ಗಂಗಾಧರ ಹಿತ್ತಲಲ್ಲಿ ಒಂದು ಸಾಲು ಹಾಕಿದ್ದ. ಗಿಡ ಆಳೆತ್ತರ ಬಂತು, ಕಾಯಿ ಮುಷ್ಟಿ ಗಾತ್ರ ಬಂತು. ಬಿಸಿಲು ಏರುತ್ತಲೇ ಕಾಯಿ ಬಣ್ಣ ತಿರುಗುವುದನ್ನು ಮರೆತೇಬಿಟ್ಟಿತು. ತೊಟ್ಟಿನ ಸುತ್ತ ಬಿಳಿಚಿಕೊಂಡು, ಅಲ್ಲಲ್ಲಿ ಹಳದಿ ಮಚ್ಚೆಯಾಗಿ ಗಿಡದಲ್ಲೇ ನಿಂತಿತು. ಆಂಜಿನಮ್ಮ ನಾಲ್ಕು ಕಿತ್ತು ಸಾರಿಗೆ ಹಾಕಿದರೆ ಒಳಗಿನ ಬಿಳಿ ಗಟ್ಟಿ ಎಷ್ಟು ಬೇಯಿಸಿದರೂ ಕರಗಲಿಲ್ಲ. ಕೊನೆಗೆ ಸಾರನ್ನು ಹಸುವಿಗೆ ಸುರಿದರು. ಹಸುವೂ ಮೂಸಿ ಬಿಟ್ಟಿತು.

ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ಟ್ರೇಗೆ ನೀರು ಹಾಕುತ್ತ ಆಂಜಿನಮ್ಮ ಆ ಮಾತು ತೆಗೆದಳು.

"ಲೇ ಗಂಗಾಧರ, ಇದು ಹಿತ್ಲಲ್ಲಿ ಹಾಕಿದ್ದೇ ತಾನೇ?"

"ಅದು ಸ್ಯಾಂಪಲ್ ಅಮ್ಮ. ಇದು ಬೇರೆ ಲಾಟು. ಕಾಂತರಾಜ್ ಹೇಳಿದ್ದಾರೆ."

"ಅವರು ಹೇಳಿದ್ರು ಅಂತ ಕಾಯಿ ಕೆಂಪಾಗುತ್ತಾ?"

"ಹಿತ್ಲ ಗೋಡೆ ಕಾವಿಗೆ ಹಂಗಾಗಿತ್ತು ಅಷ್ಟೇ. ಬಯಲು ಹೊಲದಲ್ಲಿ ಹಂಗಾಗಲ್ಲ."

"ಅಲ್ಲೂ ಹಂಗೇ ಆದ್ರೆ?"

"ಆದ್ರೆ ಆಯ್ತು, ಬಿಸಿಲು ಅಂತಾರೆ. ಪ್ರತಿ ವರ್ಷ ಯಾರ್ದೋ ಒಬ್ರದ್ದು ಹೋಗಲ್ವಾ?" ಗಂಗಾಧರನ ದನಿ ಏರಿತು. "ನಿನ್ನ ಮೊಣಕಾಲಿಗೆ ಅಂತ ಆ ಹೋಟೆಲು ಹಿಡೀತಿದ್ದೀನಿ ನಾನು. ನನಗೇನು ಬಿಸಿನೀರು ಬೇಕಾ?"

ಆಂಜಿನಮ್ಮ ನೀರಿನ ಪೈಪು ಹಿಡಿದು ಮುಂದಿನ ಸಾಲಿಗೆ ಹೋದಳು. ಮನೆಯೊಳಗೆ ದೋಸೆಯ ಕಾವಲಿ ಕಾಯುತ್ತಿತ್ತು.

ಸುಗಟೂರಿನ ಆ ಮನೆಯಲ್ಲಿ ಒಂದು ಪದ್ಧತಿ. ಬೇಸಿಗೆ ಬೆಳೆಗೆ ನರ್ಸರಿಯಿಂದ ಮುಳಬಾಗಿಲು ಕಡೆಗೆ ಹೊರಡುವ ಮೊದಲ ಟ್ರೇಗಳು ಮನೆಮಗಳ ಹೊಲಕ್ಕೇ ಹೋಗಬೇಕು. ಬಾಗಿನ ಕೊಟ್ಟ ಹಾಗೆ ಅರಿಸಿನ ಕುಂಕುಮ ಇಟ್ಟು ಕೊಡುವುದು. ದುಡ್ಡಿನ ಮಾತಿಲ್ಲ. ತಾಯಲೂರಿನವರು ಇದನ್ನು ವರ್ಷವರ್ಷ ನೋಡಿದ್ದವರು. ನರ್ಸರಿಯವನು ತಂಗಿಗೆ ಯಾವ ತಳಿ ಕೊಟ್ಟನೋ ಅದನ್ನೇ ಅವರೂ ಕೊಳ್ಳುತ್ತಿದ್ದರು. ಕಾಗದ, ಖಾತರಿ ಯಾವುದೂ ಅವರಿಗೆ ಬೇಕಿರಲಿಲ್ಲ. ಒಡಹುಟ್ಟಿದವಳಿಗೆ ಯಾರಾದರೂ ಕೆಟ್ಟದ್ದು ಕೊಡುತ್ತಾರೆಯೆ?

"ಗಂಗಾಗೆ ಈ ಸಲ ಜಪಾನ್ ಸಸಿ," ಎಂದ ಗಂಗಾಧರ. "ಅವಳ ಹೊಲದಲ್ಲಿ ನೋಡಿದ್ರೆ ಊರೆಲ್ಲ ಹಿಡಿಯುತ್ತೆ."

"ಅವಳಿಗೂ ಅದೇನಾ?" ಎಂದಳು ಆಂಜಿನಮ್ಮ.

"ಏನಾದ್ರೂ ಆದ್ರೆ ನಾನಿಲ್ವಾ ತಂಗಿಗೆ?"

ತಾಯಲೂರಿಗೆ ಹೊರಡುವ ಬೆಳಿಗ್ಗೆ ಬಲೆಯ ಮನೆಯೊಳಗೆ ಆಂಜಿನಮ್ಮ ಒಬ್ಬಳೇ ಇದ್ದಳು. ಮೂಲೆಯಲ್ಲಿ ಹಳೆಯ ತಳಿಯ ಟ್ರೇಗಳು ಇದ್ದವು, ಯಾರೋ ಗಿರಾಕಿ ಬೇಡವೆಂದು ಬಿಟ್ಟದ್ದು. ಸಸಿ ಸಸಿಯೇ. ಆ ವಯಸ್ಸಿನಲ್ಲಿ ಯಾವುದು ಯಾವುದೆಂದು ಬೆಳೆಸಿದವನಿಗೂ ತಿಳಿಯುವುದಿಲ್ಲ. ಗುರುತಿಗಿರುವುದು ಟ್ರೇಯ ಅಂಚಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಟಿಯೊಂದೇ. ಆಂಜಿನಮ್ಮ ಮಗಳಿಗೆಂದು ಎತ್ತಿಟ್ಟ ಟ್ರೇಗಳ ಚೀಟಿ ಕಿತ್ತು ಹಳೆಯ ತಳಿಯ ಟ್ರೇಗಳಿಗೆ ಸಿಕ್ಕಿಸಿದಳು. ಅಲ್ಲಿದ್ದ ಹಳೆಯ ಚೀಟಿಯನ್ನು ಇವಕ್ಕೆ ಸಿಕ್ಕಿಸಿದಳು. ಹೊಸದು ಚೆನ್ನಾಗಿ ಬಂದರೆ ಮಗಳಿಗೇನೂ ನಷ್ಟವಿಲ್ಲ, ಬರದಿದ್ದರೆ ಅವಳೊಬ್ಬಳಾದರೂ ಉಳಿಯುತ್ತಾಳೆ ಎಂದುಕೊಂಡಳು. ಉಳಿದವರ ಮಾತು ಮನಸ್ಸಿಗೆ ಬರಲಿಲ್ಲವೆಂದಲ್ಲ. ಬಂತು. ಬಂದದ್ದನ್ನು ಅಲ್ಲೇ ಬಿಟ್ಟು, ಕೈ ತೊಳೆದು, ಹೊಸ ಸೀರೆ ಉಟ್ಟು ಕಾರು ಹತ್ತಿದಳು.

ತಾಯಲೂರಿನಲ್ಲಿ ಗಂಗಾಳ ಹೊಲದ ಬದುವಿನ ಮೇಲೆ ಆಗಲೇ ಹೆಂಗಸರು ಸೇರಿದ್ದರು. ಗಂಗಾಳ ಗಂಡ ಶಿವಕುಮಾರ್ ಸಾಲು ಎಳೆದು, ಹನಿ ಪೈಪು ಬಿಟ್ಟು ಕಾಯುತ್ತಿದ್ದ. ಶಿವಕುಮಾರನ ದೊಡ್ಡಮ್ಮ ದೊಡ್ಡಗಂಗಮ್ಮ ಅಲ್ಲಿಯ ಹಿರಿಯಳು. ಅವಳ ಹೊಲ ಗಂಗಾಳದ್ದಕ್ಕೆ ಅಂಟಿಕೊಂಡೇ ಇತ್ತು. ಆಂಧ್ರದ ಗಡಿಯ ಕಡೆಯಿಂದ ಬಂದವಳಾದ್ದರಿಂದ ಅವಳ ಮಾತಿನಲ್ಲಿ ತೆಲುಗು ನುಸುಳುತ್ತಿತ್ತು.

"ಏಮಮ್ಮಾ ಆಂಜಿನಮ್ಮ, ಇದೇನಾ ಜಪಾನು?" ಎಂದಳು ಟ್ರೇಯ ಚೀಟಿ ಮುಟ್ಟಿ. "ಹೊಸ ಜಾತಿ ಅಂದ್ರೆ ನನಗೆ ಭಯಮು. ಒಳ್ಳೇದೇನಾ?"

ಆಂಜಿನಮ್ಮ ಸಸಿ ಕೈಗೆ ತೆಗೆದುಕೊಂಡಿದ್ದಳು. ಅದರ ಬೇರಿನ ಮಣ್ಣನ್ನು ಒತ್ತುತ್ತ, "ನನ್ನ ಮಗಳ ಹೊಲಕ್ಕೇ ಇಡ್ತಿದ್ದೀನಲ್ಲ ಅಕ್ಕ," ಎಂದಳು.

"ಅದೂ ನಿಜಾನೇ," ಎಂದಳು ದೊಡ್ಡಗಂಗಮ್ಮ. ಪಕ್ಕದಲ್ಲಿದ್ದ ಹೆಂಗಸರೂ ತಲೆಯಾಡಿಸಿದರು.

ಅವತ್ತು ಗಂಗಾಳ ಮನೆಯಲ್ಲಿ ನಾಟಿಕೋಳಿ ಸಾರು. ಉಣ್ಣುವಾಗಲೇ ತಾಯಲೂರಿನ ಗಂಡಸರು ಬಂದು ಗಂಗಾಧರನ ಹತ್ತಿರ ಸಸಿಗೆ ಹೇಳಿಹೋದರು. ಮುಂದಿನ ವಾರ ಆಂಜಿನಮ್ಮ ಮತ್ತೆ ಹೋಗಿ ದೊಡ್ಡಗಂಗಮ್ಮನ ಹೊಲಕ್ಕೂ, ಅದರ ಆಚೆಯವರ ಹೊಲಕ್ಕೂ ಮೊದಲ ಸಸಿ ಇಟ್ಟುಬಂದಳು. ಈ ಸಲ ಟ್ರೇಗಳಲ್ಲಿದ್ದದ್ದು ಚೀಟಿ ಹೇಳಿದ ಸಸಿಯೇ. ಹೋಗುವ ದಾರಿಯಲ್ಲಿ ಆಂಜಿನಮ್ಮ ಕಾರಿನ ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಗಂಗಾಧರ ಕಾಲು ನೋವೇನೋ ಅಂದುಕೊಂಡ.

ಚಿನ್ನದ ದರ್ಜೆ ಶಿವರಾತ್ರಿಗೆ ಮುಂಚೆಯೇ ಬಂತು.

ಆ ಭಾನುವಾರ ಕಾಂತರಾಜ್ ಊಟಕ್ಕೆ ಬಂದ. ಇಸ್ತ್ರಿ ಅಂಗಿಯ, ಎಲ್ಲರನ್ನೂ ಸಾರ್ ಅನ್ನುವ ನಯದ ಮನುಷ್ಯ. ಶೋಭಾರಾಣಿ ಹೋಳಿಗೆ ಮಾಡಿದ್ದಳು. ಪ್ರವಾಸದ ತಾರೀಕು ಹೇಳಿದ. ಏಪ್ರಿಲ್ ಎರಡನೆಯ ವಾರ.

"ಬೆಟ್ಟದ ಮೇಲೆ ಆಗ ಹೂವಿನ ಕಾಲ," ಎಂದ.

"ಇಲ್ಲಿ ಅದು ಕಾಯಿ ಕೀಳೋ ಕಾಲ," ಎಂದಳು ಆಂಜಿನಮ್ಮ. "ಆಗಲೇ ಹೋಗ್ಬೇಕಾ?"

ಕಾಂತರಾಜ್ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ. "ಅದಕ್ಕೇ ಆಗ ಇಟ್ಟಿರೋದು ಅಮ್ಮ. ಕಾಯಿ ಬಣ್ಣ ತಿರುಗೋ ಹೊತ್ತಿಗೆ ನಮ್ಮ ಡೀಲರ್‌ಗಳೆಲ್ಲ ನೆಮ್ಮದಿಯಾಗಿ ಬೇರೆ ದೇಶದಲ್ಲಿರ್ಲಿ ಅಂತ," ಎಂದು ನಕ್ಕ. ಗಂಗಾಧರನೂ ನಕ್ಕ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಎಲೆ ನೋಡಿಕೊಂಡು ಉಂಡರು.

ಶೋಭಾರಾಣಿ ಮಾತ್ರ ಎತ್ತರದ ಹೋಟೆಲನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಸ್ವೆಟರುಗಳು ಬಂದವು, ಚಕ್ಕುಲಿ ಕರಿದು ಡಬ್ಬಿಗೆ ತುಂಬಿಸಿದ್ದೂ ಆಯಿತು. ಅತ್ತೆ ಸೊಸೆಯರ ಜಗಳ ಮಾತ್ರ ಮುಗಿಯಲಿಲ್ಲ.

"ಎಲ್ಲ ನಿಮ್ಮ ಮೊಣಕಾಲಿಗೆ. ನನ್ನ ಸೊಂಟ ಯಾರಿಗೂ ಕಾಣಲ್ಲ," ಎಂದಳು ಒಂದು ಸಂಜೆ, ಅವರೆಕಾಯಿ ಸಿಪ್ಪೆಯನ್ನು ಮೊರಕ್ಕೆ ಎಸೆಯುತ್ತ.

"ಹಂಗಾದ್ರೆ ನಾನು ಬರಲ್ಲ. ಬಿಟ್ಟುಹೋಗಿ."

"ಬರಲ್ಲ ಅಂದ್ರೆ ಹೆಂಗೆ? ನಿಮ್ಮ ಕೈಯಿಂದಲೇ ಬಂತು ಟ್ರಿಪ್ಪು ಅಂತ ನಿಮ್ಮ ಮಗ ಊರೆಲ್ಲ ಹೇಳ್ಕೊಂಡು ಬರ್ತಿದ್ದಾರೆ."

ಆಂಜಿನಮ್ಮ ಮೊರವನ್ನು ಕೆಳಗಿಟ್ಟಳು. "ನನ್ನ ಕೈ ಸುದ್ದಿ ಇನ್ನು ಎತ್ಬೇಡ ಕಣೇ." ಶೋಭಾರಾಣಿ ಬೆಪ್ಪಾದಳು. ಎರಡು ರಾತ್ರಿ ಟೋಕಿಯೋ, ಉಳಿದದ್ದು ಬೆಟ್ಟ ಎಂದು ಕೊನೆಗೆ ದಿವ್ಯಳೇ ತೀರ್ಮಾನ ಕೊಟ್ಟಳು. ರೂಮು ಗೊತ್ತಾದ ದಿನ ಆ ಬಿಸಿನೀರಿನ ತೊಟ್ಟಿಯ ಚಿತ್ರವನ್ನು, ನಮ್ಮಜ್ಜಿ ಜಪಾನಿಗೆ ಎಂದು ಬರೆದು, ಫೋನಿನ ಸ್ಟೇಟಸ್ಸಿಗೆ ಹಾಕಿದಳು. ತಾಯಲೂರಿನ ಹುಡುಗರೂ ಅದನ್ನು ನೋಡಿದರು. ಮನೆಯ ಹಿರಿಯರಿಗೆ ತೋರಿಸಿದರು.

ಯುಗಾದಿ ಕಳೆಯಿತು. ಬಿಸಿಲು ಆ ವರ್ಷ ಬೇಗ ಏರಿತು. ಮೊದಲು ಮಾಲೂರು ಕಡೆಯಿಂದ ಫೋನು ಬಂತು.

"ಅಣ್ಣಾ, ಕಾಯಿ ದಪ್ಪ ಇದೆ, ಬಣ್ಣ ತಿರುಗ್ತಿಲ್ಲ."

"ಪೊಟ್ಯಾಷ್ ಬಿಡಪ್ಪ. ನೀರು ಕಡಿಮೆ ಮಾಡು," ಎಂದ ಗಂಗಾಧರ.

ಆಮೇಲೆ ಶ್ರೀನಿವಾಸಪುರ. ಅವರಿಗೆ ನೀರು ಜಾಸ್ತಿ ಮಾಡಲು ಹೇಳಿದ. ಊಟದ ಹೊತ್ತಿಗೆ ಫೋನು ಬಂದರೆ ಶೋಭಾರಾಣಿ ಎತ್ತಿ, ಅವರು ಸ್ನಾನಕ್ಕೆ ಹೋಗಿದ್ದಾರೆ ಎನ್ನತೊಡಗಿದಳು. ಕಾಂತರಾಜನಿಗೆ ಮಾಡಿದರೆ, "ಸಾರ್, ವಿಮಾನ ಹತ್ತಿದ ಮೇಲೆ ನಿಧಾನವಾಗಿ ಮಾತಾಡೋಣ," ಎಂಬ ಉತ್ತರ. ಗಂಗಾಧರ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ. ಮನೆಯಲ್ಲಿ ಹೋಟೆಲಿನ ಮಾತು ನಿಂತುಹೋಯಿತು. ಚೀಲಗಳು ಮಾತ್ರ ನಡುಮನೆಯಲ್ಲಿ ತುಂಬಿ ನಿಂತಿದ್ದವು, ದಾಟಿಕೊಂಡು ಓಡಾಡಬೇಕಿತ್ತು.

ತಾಯಲೂರಿನಿಂದ ಫೋನು ಬರಲಿಲ್ಲ. ಅಲ್ಲಿಂದ ಏನೂ ಬಾರದ್ದೇ ಆಂಜಿನಮ್ಮನಿಗೆ ಹೆಚ್ಚು ಭಯವಾಯಿತು.

ಹೊರಡಲು ನಾಲ್ಕಾರು ದಿನವಿರುವಾಗ ಒಂದು ಮಧ್ಯಾಹ್ನ ಗಂಗಾಳೇ ಬಂದಳು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದಳು. ಮನೆಯವರು ಊಟಕ್ಕೆ ಕೂತಿದ್ದರು. ಶೋಭಾರಾಣಿ ತಟ್ಟೆ ತರಲು ಎದ್ದರೆ ಬೇಡವೆಂದಳು. ಚೀಲದಿಂದ ಎರಡು ಟೊಮೆಟೊ ತೆಗೆದು, ಈಳಿಗೆಮಣೆ ಎಳೆದುಕೊಂಡು, ಎಲ್ಲರ ನಡುವೆ ಕೂತು ಎರಡನ್ನೂ ಸೀಳಿದಳು. ಒಂದರ ಒಳಗು ಕೆಂಪಗೆ ರಸ ಸುರಿಯಿತು. ಇನ್ನೊಂದು ಬಿಳಿ ಗಟ್ಟಿ.

"ಕೆಂಪಂದು ನಮ್ಮ ಹೊಲದ್ದು," ಎಂದಳು. "ಇದು ದೊಡ್ಡತ್ತೆದು. ಮಧ್ಯೆ ಒಂದು ಬದು ಅಷ್ಟೇ. ಊರಲ್ಲಿ ಎಲ್ಲರದ್ದೂ ಹಿಂಗೇ ಇದೆ. ನಮ್ಮದೊಂದೇ ಕೆಂಪು. ಅಮ್ಮಾ, ನಮ್ಮ ಹೊಲ ಯಾಕೆ ಕೆಂಪಾಯ್ತು?"

ಅವಳು ಗಂಗಾಧರನ ಕಡೆ ತಿರುಗಿದಳು.

"ಎಲ್ಲರಿಗೂ ಒಂದೇ ಸಸಿ ತಾನೇ, ಅಣ್ಣ?"

"ಒಂದೇ," ಎಂದ ಗಂಗಾಧರ. ಅವನಿಗೂ ಅರ್ಥವಾಗಿರಲಿಲ್ಲ. "ಮಣ್ಣಿನ ಗುಣ ಇರ್ಬೇಕು."

"ಒಂದಲ್ಲ," ಎಂದಳು ಆಂಜಿನಮ್ಮ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನಿನ್ನವು ಹಳೇ ಸಸಿ. ಚೀಟಿ ನಾನೇ ಬದಲಾಯಿಸ್ದೆ."

ಗಂಗಾಧರ ಎದ್ದುಬಿಟ್ಟ. "ನನ್ನ ನರ್ಸರೀಲಿ ನನಗೇ ಗೊತ್ತಿಲ್ದಂಗೆ? ಎಲ್ಲರಿಗೂ ಒಂದೇ ಥರ ಆಗಿದ್ರೆ ಬಿಸಿಲು ಅಂತ ಹೇಳಿ ಮುಗಿಸ್ತಿದ್ದೆ. ಈಗ ಏನು ಹೇಳ್ಲಿ? ನನ್ನ ತಲೆ ಮೇಲೆ ಕಲ್ಲು ಹಾಕ್ದೆ ನೀನು."

"ಒಂದೇ ಥರ ಆಗಿದ್ರೆ," ಎಂದು ಗಂಗಾ ನಿಧಾನವಾಗಿ ಅಣ್ಣನ ಮುಖ ನೋಡಿದಳು. "ಅಂದ್ರೆ ಇದು ಹಿಂಗಾಗುತ್ತೆ ಅಂತ ನಿನಗೂ ಗೊತ್ತಿತ್ತು. ಗೊತ್ತಿದ್ದೂ ನನ್ನ ಹೊಲಕ್ಕೂ ಕೊಟ್ಟೆ."

ಗಂಗಾಧರ ಕೈ ತೊಳೆಯಲು ಹಿತ್ತಲಿಗೆ ನಡೆದ. ಶೋಭಾರಾಣಿ ಸಾರಿನ ಪಾತ್ರೆ ಹಿಡಿದು ನಿಂತೇ ಇದ್ದಳು. "ಸಾರಿಗೆ ಹಾಕಿದಾಗ ಬೇಯಲಿಲ್ಲ. ನನಗೂ ಗೊತ್ತಿತ್ತು ಗಂಗಾ," ಎಂದಳು. ಅವಳ ಕಣ್ಣಲ್ಲಿ ನೀರು ಬಂತು. ಹೋಟೆಲಿನ ಚಿತ್ರ ನೋಡಿ ಕಳೆದ ಸಂಜೆಗಳೆಲ್ಲ ಈಗ ಅವಳಿಗೆ ನಾಚಿಕೆಯಾಗಿ ಕಂಡವು.

"ಊರಲ್ಲಿ ಏನಂತಾರೆ?" ಎಂದಳು ಆಂಜಿನಮ್ಮ.

"ಏನೂ ಅನ್ನಲ್ಲ. ಬೆಳಿಗ್ಗೆ ಒಬ್ಬೊಬ್ರೇ ಬಂದು ಬದು ಮೇಲೆ ನಿಂತು ನಮ್ಮ ಹೊಲ ನೋಡ್ತಾರೆ. ನೋಡಿ ಹೋಗ್ತಾರೆ. ಡೇರಿಗೆ ಹಾಲು ತಗೊಂಡು ಹೋದ್ರೆ ಸಾಲಲ್ಲಿ ನನ್ನ ಮುಂದೆ ಹಿಂದೆ ಜಾಗ ಬಿಟ್ಟು ನಿಲ್ತಾರೆ. ನಮ್ಮ ಹೊಲಕ್ಕೆ ಕಾಯಿ ಕೀಳೋಕೆ ಕೂಲಿಗೆ ಯಾರೂ ಬರ್ತಿಲ್ಲ. ಕೆಂಪು ಕಾಯಿ ಗಿಡದಲ್ಲೇ ಕೊಳೀತಾ ಇದೆ. ನೀನು ಅವತ್ತು ದೊಡ್ಡತ್ತೆ ಮುಂದೆ ಒಂದು ಮಾತು ಹೇಳಿದ್ದೆಯಂತಲ್ಲ, ಮಗಳ ಹೊಲಕ್ಕೇ ಇಡ್ತಿದ್ದೀನಿ ಅಂತ. ಅದೇ ಮಾತು ಊರಲ್ಲೆಲ್ಲ ಓಡಾಡ್ತಿದೆ."

"ನೀನು ನನ್ನ ಮಗಳು ಕಣೇ."

"ಅದನ್ನೇ ಅವರೂ ಹೇಳ್ತಿರೋದು," ಎಂದಳು ಗಂಗಾ.

ಆಂಜಿನಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. "ನಡಿ. ನಾನೇ ಬಂದು ಅವರ ಕಾಲು ಹಿಡೀತೀನಿ."

ಹಿತ್ತಲಿನಿಂದ ಗಂಗಾಧರ ಕೂಗಿದ. "ಅಮ್ಮಾ, ಹೋಗ್ಬೇಡ. ಹೋದ್ರೆ ಒಪ್ಕೊಂಡಂಗೆ. ಮಣ್ಣು ಅಂತ ಹೇಳಿದ್ರೆ ಮುಗೀತು."

"ಒಪ್ಕೊಳ್ಳೋಕೇ ಹೋಗ್ತಿರೋದು," ಎಂದಳು.

ತಾಯಿ ಮಗಳು ಕೋಲಾರದಲ್ಲಿ ಬಸ್ಸು ಬದಲಿಸಿ ಮುಳಬಾಗಿಲಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ತಾಯಲೂರಿಗೆ ಬಂದರು. ದಾರಿಯಲ್ಲಿ ಮಾರುಕಟ್ಟೆಯ ಕಡೆ ಹೋಗುವ ಟೊಮೆಟೊ ಗಾಡಿಗಳು ಎದುರಾದವು. ಗಂಗಾ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಆಂಜಿನಮ್ಮ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಬೈಯುತ್ತಾರೆ, ಮಣ್ಣು ತೂರುತ್ತಾರೆ, ತೂರಲಿ. ಬೈದು ಸಿಟ್ಟು ಕರಗಿಸಿಕೊಂಡರೆ ಮಗಳಿಗೆ ಅನ್ನುವುದು ತಪ್ಪುತ್ತದೆ ಎಂದುಕೊಂಡಳು.

ಮನೆ ತಲುಪಿ ಕಾಲು ತೊಳೆಯುವ ಹೊತ್ತಿಗೆ ದೊಡ್ಡಗಂಗಮ್ಮ ಇನ್ನು ಕೆಲವರು ಹೆಂಗಸರ ಜೊತೆ ತಾನಾಗಿಯೇ ಬಂದಳು. ಬಸ್ಸಿಳಿದದ್ದನ್ನು ಯಾರೋ ಹೇಳಿರಬೇಕು. ಎಲ್ಲರೂ ಜಗಲಿಯ ಮೇಲೆ ಸಾಲಾಗಿ ಕೂತರು. ಅವರಲ್ಲಿ ಕೆಲವರ ಹೊಲಕ್ಕೆ ಆಂಜಿನಮ್ಮ ತನ್ನ ಕೈಯಿಂದಲೇ ಸಸಿ ಇಟ್ಟಿದ್ದಳು. ಶಿವಕುಮಾರ್ ಅವರನ್ನು ಕಂಡು ತೋಟದ ಕಡೆ ಹೊರಟುಹೋದ. ಗಂಗಾ ಒಳಗೆ ಹೋಗಿ ಕಾಫಿಗೆ ಇಟ್ಟಳು.

"ಚೆನ್ನಾಗಿದ್ದೀಯಾ ಆಂಜಿನಮ್ಮ? ಮೊಣಕಾಲು ಹೆಂಗಿದೆ?" ಎಂದಳು ದೊಡ್ಡಗಂಗಮ್ಮ.

"ಅಕ್ಕ, ನಾನು ತಪ್ಪು ಮಾಡ್ದೆ," ಎಂದಳು ಆಂಜಿನಮ್ಮ. ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು. "ಆ ತಳಿ ಕೆಟ್ಟದ್ದು ಅಂತ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಹೊಲಕ್ಕೆ ಕೈ ಇಟ್ಟೆ. ಮಗಳಿಗೆ ಮಾತ್ರ ಬೇರೆ ಕೊಟ್ಟೆ. ಅವಳಿಗೆ ಏನೂ ಗೊತ್ತಿಲ್ಲ. ಬೈಯೋದಾದ್ರೆ ನನ್ನ ಬೈರಿ."

ಯಾರೂ ಬೈಯಲಿಲ್ಲ. ಒಬ್ಬಳು ಕಂಕುಳಲ್ಲಿದ್ದ ಮಗುವಿನ ಮೂಗು ಒರೆಸಿದಳು. ಗಂಗಾ ತಟ್ಟೆಯಲ್ಲಿ ಕಾಫಿ ಲೋಟಗಳನ್ನು ತಂದು ಒಬ್ಬೊಬ್ಬರ ಮುಂದೆಯೂ ಇಟ್ಟಳು.

"ಬೈಯೋದೇನಿದೆ," ಎಂದಳು ದೊಡ್ಡಗಂಗಮ್ಮ ಕೊನೆಗೆ. ದನಿ ಮೆತ್ತಗಿತ್ತು. "ಹೆತ್ತೋಳು ನೀನು. ಹೆತ್ತ ಕರುಳು ಹಂಗೇ ಮಾಡುತ್ತೆ. ನಾನಾಗಿದ್ರೂ ಹಂಗೇ ಮಾಡ್ತಿದ್ದೆ. ಜಪಾನಿಗೆ ಹೋಗ್ತಿದ್ದೀಯಂತಲ್ಲ, ನಮ್ಮ ಹುಡುಗ್ರು ಫೋನಲ್ಲಿ ತೋರಿಸಿದ್ರು. ಬಿಸಿನೀರಿದೆಯಂತೆ. ನಿಧಾನವಾಗಿ ಹೋಗ್ಬಾ."

"ನಾನು ಹೋಗಲ್ಲ ಅಕ್ಕ," ಎಂದಳು ಆಂಜಿನಮ್ಮ. "ಟಿಕೆಟ್ ಬಿಡ್ತೀನಿ. ನನಗೇನೂ ಬೇಡ."

"ಹೋದ್ರೂ ಅಷ್ಟೇ, ಹೋಗ್ದಿದ್ರೂ ಅಂತೇ," ಎಂದಳು ದೊಡ್ಡಗಂಗಮ್ಮ. ಮೊಣಕಾಲಿನ ಮೇಲೆ ಕೈ ಊರಿ ಎದ್ದಳು. "ನೀನು ಸುಗಟೂರಿನಲ್ಲಿದ್ರೆ ನಮಗೇನು, ಜಪಾನಿನಲ್ಲಿದ್ರೆ ನಮಗೇನು? ನಿನ್ನ ಮಗಳು ಇರೋದು ಇಲ್ಲಿ ತಾನೇ. ಇನ್ನೂ ಎಷ್ಟೋ ವರ್ಷ ಇರ್ತಾಳೆ. ನಾವೂ ಇರ್ತೀವಿ. ನಾವು ನೋಡ್ಕೋತೀವಿ ಬಿಡು."

ಅವಳ ಹಿಂದೆ ಉಳಿದವರೂ ಎದ್ದು, ಸೆರಗು ಕೊಡವಿಕೊಂಡು, ಒಬ್ಬರ ಹಿಂದೆ ಒಬ್ಬರು ಮೆಟ್ಟಿಲಿಳಿದರು. ಯಾರೂ ಗಂಗಾಳ ಕಡೆ ತಿರುಗಲಿಲ್ಲ, ಹೋಗಿಬರ್ತೀವಿ ಅನ್ನಲಿಲ್ಲ. ಆಂಜಿನಮ್ಮ ಕೂತಲ್ಲಿಂದ ಏಳಲು ನೋಡಿದಳು, ಆಗಲಿಲ್ಲ. "ನಾಲ್ಕು ದಿನ ನಮ್ಮೂರಿಗೆ ಬಾರೇ ಗಂಗಾ," ಎಂದಳು. ಜಗಲಿಯ ಉದ್ದಕ್ಕೂ ಕಾಫಿ ಲೋಟಗಳು ಇಟ್ಟಲ್ಲಿಯೇ ಇದ್ದವು, ಒಂದರಲ್ಲೂ ಒಂದು ಗುಟುಕು ಕಡಿಮೆಯಾಗಿರಲಿಲ್ಲ. ಗಂಗಾ ಒಂದೊಂದನ್ನೇ ಎತ್ತಿ ಹಸುವಿನ ಕಲಗಚ್ಚಿನ ಬಾನಿಗೆ ಸುರಿಯತೊಡಗಿದಳು.